ಗೋಡೆ ಕೊಟ್ಟ ಮೇಷ್ಟ್ರು

ಹೋದ ಭಾನುವಾರ ನಮ್ಮ ವಾಚನಾಲಯದ ಮಹಡಿಯ ಕೋಣೆಯಲ್ಲಿ ಡ್ರಾಯಿಂಗ್ ಮೇಷ್ಟ್ರ ಫೋಟೊ ತೂಗುಹಾಕಿದರು. ಪಶ್ಚಿಮದ ಗೋಡೆಯ ನಟ್ಟನಡುವೆ, ನೆಲದಿಂದ ಏಳಡಿ ಎತ್ತರದಲ್ಲಿ. ಹಾರ ಹಾಕುವವರು ಬೆಂಚು ಹತ್ತಬೇಕಾಯಿತು. ಮೇಷ್ಟ್ರು ಬದುಕಿದ್ದಿದ್ದರೆ ಆ ಒಂದು ಮೊಳೆಗೆ ಮೂರು ಸಲ ಬೈಯುತ್ತಿದ್ದರು. ಸತ್ತವರ ಪಟ ಆ ಕೋಣೆಗೆ ಬರಕೂಡದು ಎಂಬುದು ಅವರು ಮಾಡಿದ್ದ ನಿಯಮ. ಚಿತ್ರ ನೋಡಲು ಯಾರೂ ಕತ್ತು ಎತ್ತಬಾರದು ಎಂಬುದೂ ಅವರದೇ. ಇನ್ನು ಆ ಗೋಡೆ. ಆ ಗೋಡೆಗಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ.

ಸಭೆಯಲ್ಲಿ ವಾಚನಾಲಯದ ಅಧ್ಯಕ್ಷರು ಮಾತಾಡಿದರು. ನಮ್ಮ ಸಾಗರ ಊರಿನಂಥ ಅಡಿಕೆ ಪೇಟೆಯಲ್ಲಿ ಚಿತ್ರಕಲೆಯ ದೀಪ ಹಚ್ಚಿದ ಮಹನೀಯರು ಅಂದರು. ‘ಅನಾರೋಗ್ಯದ ಕಾರಣ ಅವರು ಪ್ರದರ್ಶನಗಳನ್ನು ನಿಲ್ಲಿಸಬೇಕಾಗಿ ಬಂದದ್ದು ನಮ್ಮೆಲ್ಲರ ದುರ್ದೈವ’ ಎಂದು ಹೇಳಿ ಕರವಸ್ತ್ರ ತೆಗೆದರು. ನಾನು ಮೂಲೆಯಲ್ಲಿ ನಡಾವಳಿ ಪುಸ್ತಕ ಹಿಡಿದು ಕೂತಿದ್ದೆ. ಅಂದಿಗೂ ಅವರೇ ಅಧ್ಯಕ್ಷರು, ಇಂದಿಗೂ ಅವರೇ. ಅಂದಿಗೂ ನಾನೇ ಗುಮಾಸ್ತ, ಇಂದಿಗೂ ನಾನೇ. ಅವರು ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡೆ. ಅದು ನನ್ನ ಕೆಲಸ. ಆದರೆ ಅದು ಸುಳ್ಳು. ಪ್ರದರ್ಶನ ನಿಲ್ಲಿಸಿದ ವರ್ಷ ಮೇಷ್ಟ್ರು ಕಲ್ಲಿನ ಹಾಗಿದ್ದರು. ಎಂಟು ಮೈಲಿ ಸೈಕಲ್ ತುಳಿದು ಹೋಗಿ, ಮಣ್ಣು ತುಳಿದು, ಮತ್ತೆ ಎಂಟು ಮೈಲಿ ಸೈಕಲ್ ತುಳಿದು ಬಂದವರು ಅವರು. ಅದನ್ನು ನೋಡಿದವನು ನಾನು. ನೋಡಿದ್ದನ್ನಷ್ಟೇ ಬರೆಯುತ್ತೇನೆ.

ಅವರ ಹೆಸರು ಬರೆಯುವುದಿಲ್ಲ. ಫೋಟೊದ ಕೆಳಗೆ ಚಿನ್ನದ ಬಣ್ಣದಲ್ಲಿ ಬರೆಸಿದ್ದಾರೆ, ಅದು ಸಾಕು. ಸಾಗರದಲ್ಲಿ ಡ್ರಾಯಿಂಗ್ ಮೇಷ್ಟ್ರು ಅಂದರೆ ಒಬ್ಬರೇ.

ಹೈಸ್ಕೂಲಿಗೆ ಅವರು ಬಂದಾಗ ನಮ್ಮ ಮಹಡಿಯ ಕೋಣೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟು, ಮುರಿದ ಕುರ್ಚಿ, ಇಲಿ ಇದ್ದವು. ಮೇಷ್ಟ್ರು ಕೇಳಿದರು, ಸಮಿತಿ ಕೊಟ್ಟಿತು. ಬೇಡದ ಕೋಣೆ ಕೊಡುವುದು ಯಾರಿಗೂ ಕಷ್ಟವಾಗಲಿಲ್ಲ. ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಪೂರ್ವಕ್ಕೆ ಎರಡು ಕಿಟಕಿ. ಅವರೇ ಗುಡಿಸಿದರು. ಒಂದು ಬೀಗದ ಕೈ ಅವರ ಹತ್ತಿರ, ಇನ್ನೊಂದು ನನ್ನ ಹತ್ತಿರ.

ಮೊದಲ ಪ್ರದರ್ಶನಕ್ಕೆ ಮೊಳೆ ಹೊಡೆಯುವ ಮೊದಲು ಅವರು ಒಂದು ಕೆಲಸ ಮಾಡಿದರು. ಪಕ್ಕದ ಮಂಡಿಯಲ್ಲಿ ಅಡಿಕೆ ಆರಿಸುವ ಹೆಂಗಸರನ್ನು ಮೇಲಕ್ಕೆ ಕರೆದರು. ಅವರಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದವಳನ್ನು ಗೋಡೆಯ ಪಕ್ಕ ನಿಲ್ಲಿಸಿ, ಅವಳ ಕಣ್ಣಿನ ನೇರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದರು. ನಾಲ್ಕೂ ಗೋಡೆಗೆ ಅದೇ ಎತ್ತರ. ಪೇಟೆಯ ವಕೀಲರೊಬ್ಬರು, ಆರಡಿ ಆಳು, ಸೊಂಟ ಹಿಡಿದುಕೊಂಡು ಕೇಳಿದರು: “ಎಂತ ಮೇಷ್ಟ್ರೇ, ನಿಮ್ಮ ಚಿತ್ರಕ್ಕೆ ಅಡ್ಡ ಬೇರೆ ಬೀಳ್ಬೇಕಾ ನಾವು?”

“ಬಗ್ಗಿ ನೋಡಿ. ಇಷ್ಟು ವರ್ಷ ನೆಟ್ಟಗೆ ನಿಂತು ಎಂತ ಕಂಡ್ರಿ?”

ಅವರ ಮಾತೇ ಹಾಗೆ. ಯಾರಿಗೂ ಬಿಡುತ್ತಿರಲಿಲ್ಲ. ಚಿತ್ರ ಬರೆದವರಿಗಂತೂ ಮೊದಲೇ ಇಲ್ಲ. ಬದುಕಿರುವ ಚಿತ್ರಕಾರರ ಕೆಲಸ ಮಾತ್ರ, ಅದೂ ಪ್ರದರ್ಶನ ಮುಗಿಯುವವರೆಗೆ ಅವರು ಕೋಣೆಯಲ್ಲೇ ಇರಬೇಕು. “ಬೈಯಬೇಕು ಅಂದ್ರೆ ಎದುರಿಗೆ ಸಿಗಬೇಕು ಕಣ್ರೀ” ಎನ್ನುತ್ತಿದ್ದರು. ತೀರ್ಥಹಳ್ಳಿಯಿಂದ ಒಬ್ಬರು ಹದಿನಾಲ್ಕು ಚಿತ್ರ ತಂದಿದ್ದರು. ಹದಿನಾಲ್ಕರಲ್ಲೂ ತುಂಗೆಯ ಬಂಡೆಗಳು, ಬರೀ ಬಂಡೆಗಳು. ನೋಡಲು ಬಂದ ಯಜಮಾನರೊಬ್ಬರು “ಹೊಳೆ ಎಲ್ಲಿ?” ಎಂದು ಕೇಳಿದರು. ಚಿತ್ರಕಾರರು ತಡವರಿಸಿದರು. ಮೇಷ್ಟ್ರು “ಬೇಸಿಗೆ ಕಣ್ರೀ” ಎಂದು ಅವರನ್ನು ಸಾಗಹಾಕಿದರು. ಯಜಮಾನರು ಮೆಟ್ಟಿಲಿಳಿದ ಕೂಡಲೇ ಚಿತ್ರಕಾರರ ಕಡೆ ತಿರುಗಿದರು: “ಅವರು ಕೇಳಿದ್ದು ಸರಿಯಾಗೇ ಇದೆ. ನಿನ್ನ ಬಂಡೆ ಮೇಲೆ ನೀರಿನ ಗುರುತೇ ಇಲ್ಲ. ನೀರು ತಾಗದ ಬಂಡೆ ತುಂಗೇಲಿ ಎಲ್ಲಿದೆ, ತೋರಿಸು, ನಾನೂ ಬಂದು ಕೂರ್ತೀನಿ.”

ಹೊಸನಗರದ ಪೋಸ್ಟ್‌ಮನ್ ಒಬ್ಬರು ಹಳೆಯ ಕ್ಯಾಲೆಂಡರುಗಳ ಬೆನ್ನಿಗೆ ತಾವು ಕಾಗದ ಕೊಡುವ ಮನೆಗಳ ಬಾಗಿಲುಗಳನ್ನು ಬರೆದಿದ್ದರು. ಬರೀ ಬಾಗಿಲುಗಳು. ಆ ಮನುಷ್ಯನಿಗೆ ಎಷ್ಟು ನಾಚಿಕೆ ಅಂದರೆ ಪ್ರದರ್ಶನದ ಎರಡು ದಿನವೂ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಅವರಿಗೆ ಮಾತ್ರ ಮೇಷ್ಟ್ರು ಬೈಯಲಿಲ್ಲ. ಸಂಜೆ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಸೀಟು ಹಿಡಿದು ಕೂರಿಸಿ ಬಂದರು.

ಇದು ಎಂಥದು, ಅದರ ಅರ್ಥ ಏನು ಎಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಮಂಡಿಯ ಸಾಹುಕಾರರು ಕೇಳಿದಾಗ, “ನೀವು ಅಡಿಕೆ ಮುಂದೆ ಕೂತು ಇದರ ಅರ್ಥ ಏನು ಅಂತೀರಾ? ಹಸ ಯಾವ್ದು, ಬೆಟ್ಟೆ ಯಾವ್ದು, ಗೊರಬಲು ಯಾವ್ದು ಅಂತ ಕಣ್ಣಲ್ಲೇ ಬೇರೆ ಮಾಡ್ತೀರಿ. ಆ ಕಣ್ಣನ್ನ ಕೆಳಗೆ ಬಿಟ್ಟು ಬಂದ್ರಾ?” ಎಂದರು. ಸಾಹುಕಾರರು ನಕ್ಕುಬಿಟ್ಟರು. ಆಮೇಲೆ ಅವರು ಒಂದು ಪ್ರದರ್ಶನವನ್ನೂ ತಪ್ಪಿಸಲಿಲ್ಲ.

ನಗದೆ ಹೋದವರು ಅಧ್ಯಕ್ಷರು. ಅವರ ತೀರಿಹೋದ ತಂದೆಯದೊಂದು ದೊಡ್ಡ ತೈಲಚಿತ್ರವಿತ್ತು. ಅದನ್ನು ಕೋಣೆಯಲ್ಲಿ ಕಾಯಂ ಆಗಿ ಇಡಬೇಕೆಂದು ಇಬ್ಬರು ಆಳುಗಳ ಕೈಯಲ್ಲಿ ಹೊರಿಸಿಕೊಂಡು ಬಂದರು. “ಸತ್ತವರಿಗೆ ನಿಮ್ಮನೆ ನಡುಮನೆ ಇದೆ” ಎಂದು ಮೇಷ್ಟ್ರು ಬಾಗಿಲಲ್ಲೇ ತಿರುಗಿಸಿ ಕಳಿಸಿದರು. ಆಳುಗಳು ಪಟ ಹೊತ್ತು ಮೆಟ್ಟಿಲಿಳಿಯುವುದನ್ನು ಕೆಳಗೆ ಪತ್ರಿಕೆ ಓದುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಅಧ್ಯಕ್ಷರು ಅವರ ಹಿಂದೆಯೇ ಇಳಿದು ಹೋದರು. ಇದನ್ನು ಇಲ್ಲಿ ಬರೆದಿರುವುದಕ್ಕೆ ಕಾರಣವಿದೆ.

ಹೊಸ ಅಣೆಕಟ್ಟಿನಿಂದ ಶರಾವತಿಯ ದಂಡೆಯ ಹಳ್ಳಿಗಳು ಮುಳುಗುತ್ತವೆ ಎಂದು ಖಚಿತವಾದ ಮೇಲೆ ಮೇಷ್ಟ್ರು ರಜೆ ಸಿಕ್ಕಾಗಲೆಲ್ಲ ಆ ಕಡೆ ಹೋಗುತ್ತಿದ್ದರು. ಅಲ್ಲಿನ ದೀವರ ಮನೆಗಳಲ್ಲಿ ಮದುವೆಗೆ ಮೊದಲು ಹೆಂಗಸರು ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ನೆನೆಸಿ ರುಬ್ಬಿದ ಅಕ್ಕಿಯ ಬಿಳಿಯಲ್ಲಿ ಹಸೆ ಬರೆಯುತ್ತಾರೆ. ಪುಂಡಿ ನಾರಿನ ಕುಂಚ. ನಾಲ್ಕೂ ಸುತ್ತ ಎಳೆ, ಒಳಗೆ ಮದುಮಕ್ಕಳು, ಬಾಸಿಂಗ, ಜೋಡಿ ಗಿಣಿ. ಆ ಗೋಡೆಯ ಮುಂದೆ ಗಂಡು ಹೆಣ್ಣನ್ನು ಕೂರಿಸಿ ಅಕ್ಷತೆ ಹಾಕಿದರೇ ಮದುವೆ. ಮುಂದಿನ ಮದುವೆಗೆ ಅದೇ ಮನೆಯ ಹೆಂಗಸು ಹಳೆಯದರ ಮೇಲೆ ಮತ್ತೆ ಮಣ್ಣು ಬಳಿದು ಹೊಸದು ಬರೆಯುತ್ತಾಳೆ. ಮೇಷ್ಟ್ರು ಇವನ್ನೆಲ್ಲ ಕಾಗದದ ಮೇಲೆ ನಕಲು ಮಾಡಿಕೊಂಡು ಬರುತ್ತಿದ್ದರು. ಒಂದು ಮನೆಯಲ್ಲಿ ಚೌಡಮ್ಮ ಎಂಬ ಹೆಂಗಸು ಅವರ ನಕಲು ನೋಡಿ, “ಗಿಣಿ ಕಾಲು ಮುರಿದಿದೀರಲ್ಲ ಒಡೆಯಾ, ಪಾಪ” ಎಂದಳಂತೆ. ಇದು ಮೇಷ್ಟ್ರೇ ಹೇಳಿ ನಕ್ಕದ್ದು.

ಅಣೆಕಟ್ಟಿನಲ್ಲಿ ನೀರು ನಿಂತ ಮರುವರ್ಷ ಅದೇ ಚೌಡಮ್ಮ ನಮ್ಮ ಕೋಣೆಗೆ ಬಂದಳು. ಪಕ್ಕದ ಮಂಡಿಯಲ್ಲಿ ಅಡಿಕೆ ಆರಿಸುವ ಕೆಲಸಕ್ಕೆ ಸೇರಿದ್ದಳು. ಉಳಿದ ಹೆಂಗಸರೊಂದಿಗೆ ಮಧ್ಯಾಹ್ನದ ಬಿಡುವಿನಲ್ಲಿ ಚಿತ್ರ ನೋಡಲು ಮೇಲೆ ಬಂದವಳನ್ನು ಮೇಷ್ಟ್ರು ಗುರುತು ಹಿಡಿದರು.

“ಹಸೆ ಬರಿತಿದೀಯೇನಮ್ಮ?”

“ಎಲ್ಲಿ ಬರಿಯದು? ಕಾಡು ಕಡಿದು ಜಾಗ ಕೊಟ್ಟಾರೆ. ಗುಡ್ಲಿಗೆ ಬಿದಿರು ತಡಿಕೆ. ತಡಿಕೆ ಮೇಲೆ ಎಳೆ ನಿಲ್ಲತ್ತಾ?” ಆಮೇಲೆ ಹೇಳಿದಳು: “ಮಗಳ ಮದ್ವೆ ಗೊತ್ತಾಗೈತೆ. ನಮ್ಮನೇಲಿ ಹಸೆ ಇಲ್ದೆ ಹೆಣ್ಣು ಎದ್ದು ಹೋಗಿದ್ದೇ ಇಲ್ಲ. ನನ್ನ ಕೈ ನೆಟ್ಟಗೈತೆ, ಗೋಡೆ ಇಲ್ಲ.”

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. ಅವರಿಗೆ ಬೈಗುಳ ಸಿಗದಿದ್ದಾಗ ಹಾಗೆ ಮಾಡುತ್ತಿದ್ದರು. “ಇಲ್ಲಿ ನಾಲ್ಕು ಗೋಡೆ ಇದೆ. ಮೂರು ನನಗೆ ಸಾಕು. ಪಶ್ಚಿಮದ್ದು ನಿಂದು.”

“ಗೋಡೆ ನಮ್ಮನೆಗೆ ಬರತ್ತಾ ಒಡೆಯಾ?”

“ಒಡೆಯಾ ಅನ್ಬೇಡ. ಮೇಷ್ಟ್ರು ಅನ್ನು. ಗೋಡೆ ಬರಲ್ಲ, ಮದುಮಕ್ಕಳು ಬರಬಹುದಲ್ಲ.”

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. “ಬರ್ತಾರೆ ಬಿಡಿ. ದಿಬ್ಬಣಕ್ಕೆ ಬಸ್ಸು ಐತಲ್ಲ” ಎಂದಳು. ಹೀಗೆ ಮಾತಾಯಿತು. ಮದುವೆಯ ಬೆಳಿಗ್ಗೆ ಗಂಡು ಹೆಣ್ಣು ಬಂದು ಅರ್ಧ ಗಂಟೆ ಹಸೆಯ ಮುಂದೆ ಕೂತು ಅಕ್ಷತೆ ಹಾಕಿಸಿಕೊಂಡು ಹೋಗುವುದು. ಅಲ್ಲಿಯವರೆಗೆ ಅದು ಪ್ರದರ್ಶನ.

ಮೇಷ್ಟ್ರು ಆ ಗೋಡೆಯ ಸುಣ್ಣವನ್ನು ತಾವೇ ಕೆರೆದು ತೆಗೆದರು. ಚೌಡಮ್ಮ ಕೆಮ್ಮಣ್ಣು ಸೆಗಣಿ ಕಲಸಿ ಬಳಿದಳು. ಅದು ಒಣಗಿದ ಮೇಲೆ ಐದು ದಿನ ಬರೆದಳು. ಅಳತೆಗೆ ದಾರವಿಲ್ಲ, ಪಟ್ಟಿಯಿಲ್ಲ. ಎಳೆಯ ಪಕ್ಕ ಎಳೆ, ನಡುವೆ ಬತ್ತದ ಕಾಳಿನಷ್ಟು ಜಾಗ. ಒಂದು ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಮೇಷ್ಟ್ರು ಸ್ಕೂಲಿನ ಮರದ ಪಟ್ಟಿ ತಂದು ಎಳೆಗಳ ನಡುವಿನ ಜಾಗವನ್ನು ಮೇಲಿಂದ ಕೆಳಗೆ ಅಳೆದರು. ಎಲ್ಲೂ ವ್ಯತ್ಯಾಸವಿರಲಿಲ್ಲ. ಪಟ್ಟಿಯನ್ನು ಕಂಕುಳಿಗೆ ಸೇರಿಸಿಕೊಂಡು, “ನಾನು ಮಕ್ಕಳಿಗೆ ಇಷ್ಟು ವರ್ಷ ಎಂತ ಕಲಿಸಿದೆ ಮಾರಾಯ್ರೇ” ಎಂದರು.

ಬಾಗಿಲಿಗೆ ಎಲ್ಲ ಚಿತ್ರಕಾರರಿಗೂ ಹಾಕುವಂತೆ ಬೋರ್ಡು ಹಾಕಿದರು. ಚಿತ್ರ: ಚೌಡಮ್ಮ. ಊರು ಎಂಬಲ್ಲಿ ಅವಳು ಮುಳುಗಿದ ಊರಿನ ಹೆಸರನ್ನೇ ಹೇಳಿದಳು. ಮೇಷ್ಟ್ರು ಅದನ್ನೇ ಬರೆದರು. ನೋಡಲು ಬಂದ ಅಧ್ಯಕ್ಷರು ಮೊದಲು ಓದಿದ್ದು ಬೋರ್ಡು.

“ಈ ಊರೇ ಇಲ್ಲವಲ್ಲ ಈಗ?”

“ಬರೆದವಳು ಇದಾಳಲ್ಲ. ಅಲ್ಲೇ ಕೂತಿದಾಳೆ, ಮಾತಾಡ್ಸಿ.”

ಅಧ್ಯಕ್ಷರು ಮಾತಾಡಿಸಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದು ಒಂದು ಸುತ್ತು ಬಂದರು. “ಇದು ಕಲೆ ಅಲ್ಲ ಮೇಷ್ಟ್ರೇ, ಸಂಪ್ರದಾಯ” ಎಂದರು.

“ಹೌದಾ? ಹಾಗಾದ್ರೆ ನಿಮ್ಮನೆ ಸಂಪ್ರದಾಯ ಒಂದು ತಂದು ಪಕ್ಕಕ್ಕೆ ಹಾಕಿ. ಯಾವ್ದು ನಿಲ್ಲುತ್ತೆ ನೋಡಾಣ.”

ಮೆಟ್ಟಿಲ ಬಳಿ ಅಧ್ಯಕ್ಷರು ನನ್ನನ್ನು ಕೇಳಿದರು: “ಶುಕ್ರವಾರ ದಿಬ್ಬಣ ಮೇಲೆ ಹತ್ತಿಸ್ತಾರಂತೆ, ನಿಜವೇನ್ರೀ? ನಮ್ಮ ವಾಚನಾಲಯಕ್ಕೆ? ಅವರ ಜನವನ್ನೆಲ್ಲ?” ನಾನು ಹೂಂ ಎಂದೆ. ‘ಅವರ ಜನ’ ಎಂದಾಗ ಅವರ ಧ್ವನಿ ತಗ್ಗಿತ್ತು. ಅಷ್ಟು ಮಾತ್ರ ಹೇಳಬಲ್ಲೆ.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅಧ್ಯಕ್ಷರು ಬಂದರು. ಜಿಲ್ಲೆಯಿಂದ ಅಧಿಕಾರಿಯೊಬ್ಬರು ಬುಧವಾರ ಬರುತ್ತಾರೆ, ಸನ್ಮಾನ ಇದೆ, ಮೇಲಿನ ಕೋಣೆಗೆ ಸುಣ್ಣ ಆಗಬೇಕು, ಬೀಗದ ಕೈ ಕೊಡಿ ಎಂದರು.

“ಪಶ್ಚಿಮದ ಗೋಡೆ ಬಿಟ್ಟು ತಾನೇ?” ಎಂದು ಕೇಳಿದೆ. ಇಷ್ಟನ್ನು ಕೇಳಿದೆ.

“ಕೋಣೆ ಅಂದ್ರೆ ನಾಲ್ಕು ಗೋಡೆ ಅಲ್ವೇನ್ರೀ?”

ಬೀಗದ ಕೈ ಕೊಟ್ಟೆ. ಚೌಡಮ್ಮ ಹಸೆ ತೋರಿಸಲು ಮಗಳನ್ನು ಕರೆತರುತ್ತೇನೆಂದು ಗುಡಿಸಲಿನ ಕಡೆ ಹೋಗಿದ್ದಳು. ಮೇಷ್ಟ್ರು ಹೈಸ್ಕೂಲಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆ ಹೋಗಿದ್ದರು. ವಾಚನಾಲಯದಿಂದ ಹೈಸ್ಕೂಲಿಗೆ ನಡೆದು ಹೋದರೆ ಹತ್ತು ನಿಮಿಷ. ಓಡಿದರೆ ಐದು. ನಾನು ಹೋಗಲಿಲ್ಲ. ಅಧ್ಯಕ್ಷರು ಕೆಳಗೆ ಕುರ್ಚಿ ಜೋಡಿಸುತ್ತಿದ್ದರು. ಅವರ ಎದುರಿಗೆ ಎದ್ದು ಹೋಗಲು ನನಗೆ ಧೈರ್ಯವಾಗಲಿಲ್ಲ. ಇದಕ್ಕೆ ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಸುಣ್ಣ ಬಳಿಯಲು ಬಂದವರು ಇಬ್ಬರು. ಮೂರು ಗೋಡೆ ಮುಗಿಸಿ ಪಶ್ಚಿಮದ ಗೋಡೆಯ ಮುಂದೆ ನಿಂತುಬಿಟ್ಟರು. ಹಿರಿಯವನು ಮೆಟ್ಟಿಲಿನಿಂದ ನನ್ನನ್ನು ಕೂಗಿದ. “ಸ್ವಾಮಿ, ಇದು ಹಸೆ ಗೋಡೆ ಅಲ್ವಾ? ಮದ್ವೆ ಆತಾ?”

“ಇನ್ನೂ ಇಲ್ಲ.”

“ಮದ್ವೆ ಆಗದ ಹಸೆ ಮುಟ್ಟಬಾರ್ದು.”

“ಅಧ್ಯಕ್ಷರು ಹೇಳಿದಾರೆ” ಎಂದೆ.

ಅವನು ನನ್ನನ್ನು ಒಂದು ಗಳಿಗೆ ನೋಡಿ ಒಳಗೆ ಹೋದ. ಕೆಮ್ಮಣ್ಣಿನ ಮೇಲೆ ಸುಣ್ಣ ಒಂದೇ ಸಲಕ್ಕೆ ನಿಲ್ಲುವುದಿಲ್ಲ. ಮೊದಲ ಬಳಿತಕ್ಕೆ ಗೋಡೆ ನಸುಗೆಂಪು ಬಣ್ಣಕ್ಕೆ ತಿರುಗಿತು. ಎಳೆಗಳು, ಗಿಣಿಗಳು, ಮದುಮಕ್ಕಳು ಒಳಗಿನಿಂದ ಕಾಣುತ್ತಲೇ ಇದ್ದವು. ಎರಡನೆಯದಕ್ಕೂ ಹೋಗಲಿಲ್ಲ. ಮೂರು ಸಲ ಬಳಿದರು. ಮಧ್ಯಾಹ್ನ ಎರಡಕ್ಕೆ ಮುಗಿಯಿತು.

ನಾಲ್ಕೂವರೆಯ ಬಸ್ಸಿಗೆ ಚೌಡಮ್ಮ ಮಗಳೊಂದಿಗೆ ಬಂದಳು. ಸುಮಾರು ಅದೇ ಹೊತ್ತಿಗೆ ಮೇಷ್ಟ್ರೂ ಬಂದರು. ನಾನು ಅವರ ಹಿಂದೆ ಮೆಟ್ಟಿಲು ಹತ್ತಿದೆ. ಅಧ್ಯಕ್ಷರೂ ಹತ್ತಿದರು. ಗೋಡೆಯನ್ನು ನೋಡಿ ಮಗಳು ತಾಯಿಯ ಮುಖ ನೋಡಿದಳು. ಚೌಡಮ್ಮ ಅಲ್ಲೇ ನಿಂತಳು.

ಮೊದಲು ಮಾತಾಡಿದವರು ಅಧ್ಯಕ್ಷರು. ಅವರು ಉತ್ತರ ಸಿದ್ಧ ಮಾಡಿಕೊಂಡೇ ಬಂದಿದ್ದರು. “ನೋಡಮ್ಮ, ನಿಮ್ಮಲ್ಲೂ ಹಳೇ ಹಸೆ ಮೇಲೆ ಬಳೀತೀರಂತಲ್ಲ. ಅದನ್ನೇ ನಾವೂ ಮಾಡಿದ್ದು. ಇದರಲ್ಲಿ ಬೇಜಾರು ಎಂತಕ್ಕೆ?”

“ನಾವು ಬಳಿಯದು ಬರಿಯಕೆ ಒಡೆಯಾ. ನೀವು ಎಂತಕ್ಕೆ ಬಳಿದ್ರಿ?”

ಅಧ್ಯಕ್ಷರು ನನ್ನ ಕಡೆ ತಿರುಗಿದರು, ಉತ್ತರ ನನ್ನ ಪುಸ್ತಕದಲ್ಲಿ ಇರಬಹುದು ಎಂಬಂತೆ.

ಮೇಷ್ಟ್ರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದಿದ್ದರೆ ಒಳ್ಳೆಯದಿತ್ತು. ಅವರು ಗೋಡೆಗೆ ಅಂಗೈ ಒತ್ತಿದರು, ಬಿಳಿಯಾದ ಕೈಯನ್ನು ನೋಡಿಕೊಂಡರು. ಆಮೇಲೆ ನನ್ನನ್ನು ಕೇಳಿದರು: “ಎಷ್ಟು ಹೊತ್ತಿಗೆ ಶುರು ಮಾಡಿದ್ರು?”

“ಹನ್ನೊಂದಕ್ಕೆ.”

“ನಾನು ಸ್ಕೂಲಲ್ಲೇ ಇದ್ದೆ” ಎಂದರು.

ಅಷ್ಟೇ. ತಮ್ಮ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು, ತಾಯಿ ಮಗಳನ್ನು ಕರೆದುಕೊಂಡು ಹೊರಟರು. ಆಮೇಲೆ ಸಾಯುವವರೆಗೂ ಆ ಮೆಟ್ಟಿಲು ಹತ್ತಲಿಲ್ಲ. ಅಧ್ಯಕ್ಷರು ಹೇಳಿದ ಅನಾರೋಗ್ಯ ಇದು.

ಠರಾವು ಬರೆದದ್ದು ಆಮೇಲೆ. ಸುಣ್ಣ ಒಣಗಿದ ಮೇಲೆ, ಮಂಗಳವಾರ. ‘ಶುಚಿತ್ವದ ದೃಷ್ಟಿಯಿಂದ ಮಹಡಿಯ ಕೋಣೆಗೆ ಸುಣ್ಣ ಬಳಿಸಲು ಸಮಿತಿ ಸರ್ವಾನುಮತದಿಂದ ನಿರ್ಧರಿಸಿದೆ.’ ಸಭೆ ಹಿಂದಿನ ವಾರವೇ ನಡೆದಂತೆ ಬರೆಸಿದರು. ಶುಚಿತ್ವ ಎಂಬ ಪದ ಅಧ್ಯಕ್ಷರದು, ಅಕ್ಷರ ನನ್ನದು. ಪುಸ್ತಕ ಇವತ್ತಿಗೂ ಬೀರುವಿನಲ್ಲಿದೆ. ಇನ್ನು ಆ ಅಧಿಕಾರಿ: ಬುಧವಾರ ಬಂದರು, ಒಳ್ಳೆಯ ಮನುಷ್ಯ, ಮಂಡಿನೋವು ಎಂದು ಕೆಳಗೇ ಕೂತು ಹಾರ ಹಾಕಿಸಿಕೊಂಡು ಕಾಫಿ ಕುಡಿದು ಹೋದರು. ಮಹಡಿ ಹತ್ತಲೇ ಇಲ್ಲ.

ಸೋಮವಾರ ಸಂಜೆಯೇ ಮೇಷ್ಟ್ರು ಬೇರೆ ಗೋಡೆ ಹುಡುಕಿದರು. ತಮ್ಮ ಬಾಡಿಗೆ ಮನೆಯ ಜಗಲಿಯ ಗೋಡೆ ಕೊಡಲು ಹೋದರೆ ಮನೆಯೊಡೆಯರು ಬೇಡ ಎಂದರು. ವಾಚನಾಲಯ ಮುಚ್ಚುವ ಹೊತ್ತಿಗೆ ಬಾಗಿಲ ಹೊರಗೇ ನಿಂತು ನನ್ನನ್ನು ಕೇಳಿದರು: “ನಿಮ್ಮನೆ ಗೋಡೆ?”

“ಅಣ್ಣನ್ನ ಕೇಳ್ಬೇಕು” ಎಂದೆ.

ಅವರು ಎರಡನೆಯ ಸಲ ಕೇಳಲಿಲ್ಲ. ಅಣ್ಣನನ್ನು ನಾನು ಕೇಳಲೂ ಇಲ್ಲ.

ಮಂಗಳವಾರ ಮೇಷ್ಟ್ರು ಸ್ಕೂಲಿಗೆ ರಜೆ ಬರೆದು ಸೈಕಲ್ ಹತ್ತಿದರು. ಎಂಟು ಮೈಲಿ ದೂರದಲ್ಲಿ, ಚೌಡಮ್ಮನವರ ಗುಡಿಸಲುಗಳ ನಡುವಿನ ಬಯಲಿನಲ್ಲಿ ಮಣ್ಣು ಕಲಸಿ, ತುಳಿದು, ಒಂದು ಗೋಡೆ ಎಬ್ಬಿಸಿದರು. ಸೂರಿಲ್ಲ, ಮೂಲೆಯಿಲ್ಲ, ಒಂದೇ ಒಂದು ಗೋಡೆ. ಆರಡಿ ಅಗಲ, ಐದಡಿ ಎತ್ತರ. ಅಲ್ಲಿಯ ಗಂಡಸರೂ ಕೈ ಹಾಕಿದರು. ಬುಧವಾರ ಸಂಜೆಗೆ ಮುಗಿಯಿತು. ಗುರುವಾರ ನಾನು ಹೋದೆ. ಯಾರೂ ಕರೆದಿರಲಿಲ್ಲ. ವಾಚನಾಲಯದಲ್ಲಿ ಕೂರಲು ಆಗಲಿಲ್ಲ, ಹೋದೆ.

ಮೇಷ್ಟ್ರ ಪಂಚೆ ಮೊಣಕಾಲಿನವರೆಗೆ ಕೆಂಪಾಗಿತ್ತು. ನನ್ನನ್ನು ನೋಡಿ ಬೈಯಲಿಲ್ಲ, ಬಾ ಎನ್ನಲಿಲ್ಲ. ಚೌಡಮ್ಮ ಒಂದು ಪಾತ್ರೆಯ ತುಂಬ ಅಕ್ಕಿ ರುಬ್ಬಿ ಇಟ್ಟುಕೊಂಡಿದ್ದಳು. ಕುಂಚ ಅದ್ದಿ ಗೋಡೆಯ ಎಡ ತುದಿಯಲ್ಲಿ ಒಂದು ಎಳೆ ಎಳೆದಳು. ನಾವೆಲ್ಲ ನೋಡುತ್ತಿದ್ದ ಹಾಗೆ ಆ ಬಿಳಿ ಹಸಿ ಮಣ್ಣಿನಲ್ಲಿ ಹರಡಿ, ಮಸುಕಾಗಿ, ಕೆಂಪು ನೀರಾಗಿ ಕೆಳಗಿಳಿಯಿತು. ಇನ್ನೊಂದು ಕಡೆ ಎಳೆದಳು. ಅದೂ ಹಾಗೇ ಆಯಿತು.

“ಒಣಗಬೇಕಾ?” ಎಂದು ಮೇಷ್ಟ್ರು ಕೇಳಿದರು.

“ಹೂಂ ಮೇಷ್ಟ್ರೇ.”

“ಎಷ್ಟು ದಿನ?”

“ಇಷ್ಟು ದಪ್ಪಕ್ಕೆ ಹದಿನೈದು ದಿನ. ಬಿಸಿಲು ಚೆನ್ನಾಗಿದ್ರೆ.”

ಕಾಗದದ ಮೇಲೆ, ಹಲಗೆಯ ಮೇಲೆ, ಬಟ್ಟೆಯ ಮೇಲೆ ಯಾವ ಬಣ್ಣ ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ಜಿಲ್ಲೆಗೆಲ್ಲ ಹೇಳಿಕೊಡುತ್ತಿದ್ದ ಮನುಷ್ಯ. ಅವರು ತೆಳ್ಳಗೆ ಬಳಿದ ಮಣ್ಣನ್ನು ನೋಡಿದ್ದರು, ಇಡೀ ಮಣ್ಣಿನ ಗೋಡೆಯನ್ನು ಕಟ್ಟಿರಲಿಲ್ಲ. ಕನ್ನಡಕ ತೆಗೆದರು. ಒರೆಸಲು ಪಂಚೆಯಲ್ಲಿ ಒಣಗಿದ ಜಾಗವಿರಲಿಲ್ಲ.

ಅವರು ಕೈ ತೊಳೆಯಲು ಹೋದಾಗ ನಾನು ಚೌಡಮ್ಮನನ್ನು ಕೇಳಿದೆ: “ನಿಂಗೆ ಮೊದಲೇ ಗೊತ್ತಿತ್ತಲ್ಲ, ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಅವರು ಎಲ್ಲಿಗೆ ಹೋಗ್ತಿದ್ರು ಸ್ವಾಮಿ? ಕೂತಲ್ಲಿ ಕೂರಕೆ ಆಗ್ತಿರ್ಲಿಲ್ಲ ಅವರಿಗೆ. ಮಣ್ಣಾದ್ರೂ ತುಳೀಲಿ ಅಂತ ಬಿಟ್ಟೆ.”

ಆ ರಾತ್ರಿ ನಾನೂ ಅಲ್ಲೇ ಉಳಿದೆ. ಶುಕ್ರವಾರ ಬೆಳಿಗ್ಗೆ ಗಂಡು ಹೆಣ್ಣನ್ನು ಆ ಖಾಲಿ ಗೋಡೆಯ ಮುಂದೆ ಕೂರಿಸಿದರು. ಹೆಂಗಸರು ಹಸೆಯ ಹಾಡು ಹೇಳಿದರು. ಹಾಡಿನಲ್ಲಿ ಗಿಣಿ ಬಂತು, ಬಾಸಿಂಗ ಬಂತು, ನಾಲ್ಕು ಸುತ್ತಿನ ಎಳೆ ಬಂತು. ಹಾಡುತ್ತ ಒಬ್ಬೊಬ್ಬರೂ ಗೋಡೆಯ ಕಡೆ ನೋಡಿ ಕಣ್ಣು ತಗ್ಗಿಸಿದರು. ಹುಡುಗಿ ಎದ್ದಾಗ ಅವಳ ಹೊಸ ಸೀರೆಯ ಬೆನ್ನಿಗೆ ಹಸಿ ಮಣ್ಣು ಅಂಟಿತ್ತು. ಚೌಡಮ್ಮ ಅದನ್ನು ಉಗುರಿನಲ್ಲಿ ಕೆರೆದು ತೆಗೆದಳು. ಹತ್ತೂವರೆಗೆ ದಿಬ್ಬಣ ಹೊರಟಿತು.

ಬಯಲು ಖಾಲಿಯಾದ ಮೇಲೆ ಮೇಷ್ಟ್ರು ಗೋಡೆಯ ಎದುರು ಹೋಗಿ ನಿಂತರು. “ಒಣಗಿದ ಮೇಲೆ ಬರಿ ಚೌಡಮ್ಮ. ನಾನು ಸಾಗರದಿಂದ ಜನ ಕರ್ಕೊಂಡು ಬರ್ತೀನಿ. ಆ ಅಧ್ಯಕ್ಷನ್ನೂ ಕತ್ತು ಹಿಡಿದು ಕರ್ಕೊಂಡು ಬರ್ತೀನಿ. ಇಲ್ಲೇ ಪ್ರದರ್ಶನ ಮಾಡಾಣ.” ನಾಲ್ಕು ದಿನದಲ್ಲಿ ಮೊದಲ ಸಲ ಅವರ ಧ್ವನಿ ಏರಿತ್ತು.

“ಹೆಣ್ಣು ಹೋತಲ್ಲ ಮೇಷ್ಟ್ರೇ” ಎಂದಳು ಚೌಡಮ್ಮ. “ಇನ್ನು ಯಾರಿಗೆ ಬರೀಲಿ?”

ಮೇಷ್ಟ್ರು ಗೋಡೆಗೆ ಬೆನ್ನು ಮಾಡಿ ನೆಲದ ಮೇಲೆ ಕೂತರು.

ಚೌಡಮ್ಮ ಒಲೆ ಹೊತ್ತಿಸಿ ಕಾವಲಿ ಇಟ್ಟಳು. ರುಬ್ಬಿ ಇಟ್ಟಿದ್ದ ಅಕ್ಕಿಗೆ ನೀರು ಬೆರೆಸಿ, ಉಪ್ಪು ಹಾಕಿ, ತೆಳ್ಳಗೆ ದೋಸೆ ಹುಯ್ದಳು. “ತಿನ್ನಿ. ನಿನ್ನೇದು, ಇನ್ನೂ ಹುಳಿ ಬಂದಿಲ್ಲ. ಅಕ್ಕಿ ಹಾಳು ಮಾಡಬಾರ್ದು.” ನಮ್ಮಿಬ್ಬರ ಮುಂದೆ ಬಾಳೆಲೆ ಹಾಕಿ ಬಡಿಸಿದಳು. ಅಪ್ಪಟ ಬಿಳಿ ದೋಸೆ. ನಾನು ಮೊದಲನೆಯದನ್ನೇ ತುಂಡು ಮುರಿಯುತ್ತ ಕೂತೆ. ಮೇಷ್ಟ್ರು ತಲೆಯೆತ್ತದೆ ಮೂರು ತಿಂದರು. ನಾಲ್ಕನೆಯದಕ್ಕೆ ಅವಳು ಪಾತ್ರೆಯನ್ನು ಓರೆ ಮಾಡಿ, ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು ಕಾವಲಿಗೆ ಹಾಕಿದಳು.